ಹಿಮದ ಹಿತ್ತಲಲ್ಲಿ ಕೋಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಉತ್ತರದ ರಾಜ್ಯಗಳಲ್ಲೂ ಕೆನಡಾದಲ್ಲೂ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ವಿಷಯದವನ್ನು ಕೂಡಿಸಿ ಒಂದು ಮಾಡಿದ್ದೇವೆ. ಕೊನೆಯಲ್ಲಿ ಮಲೆನಾಡಿನದೂ ಒಂದಿದೆ.

ಪ್ರಶ್ನೆ: ಆರು ಹೇಂಟೆಗಳಿವೆ. ಗೂಡು 4 ಅಡಿ ಅಗಲ, 6 ಅಡಿ ಉದ್ದ, 5 ಅಡಿ ಎತ್ತರ. ಚಳಿಗೆ ಮುಂಚೆಯೇ ಸಂದುಗೊಂದುಗಳಿಗೆಲ್ಲ ಫೋಮ್ ತುಂಬಿ ಮುಚ್ಚಿದ್ದೇವೆ. ಆದರೂ ಬೆಳಗ್ಗೆ ಕಿಟಕಿ ಗಾಜಿನ ಒಳಮೈ ತುಂಬ ಬಿಳಿ ಹೆಪ್ಪು, ಎರಡು ಕೋಳಿಗಳ ಜುಟ್ಟಿನ ತುದಿ ಕಪ್ಪಾಗಿದೆ. ಚಳಿ ಇನ್ನೂ ಎಲ್ಲಿಂದ ನುಗ್ಗುತ್ತಿದೆ? (ಸೇಂಟ್ ಪಾಲ್, ಮಿನ್ನೆಸೋಟ)

ಉತ್ತರ: ಚಳಿ ನುಗ್ಗುತ್ತಿಲ್ಲ, ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಗಾಜಿನ ಮೇಲೆ ಕಂಡ ಹೆಪ್ಪು ನಿಮ್ಮ ಕೋಳಿಗಳ ಉಸಿರು ಮತ್ತು ಹಿಕ್ಕೆಯಿಂದ ಎದ್ದ ನೀರೇ.

ಲೆಕ್ಕ ಹಾಕಿ ನೋಡಿ. ಆರು ಕೋಳಿಗಳು ದಿನಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ನೀರು ಕುಡಿಯುತ್ತವೆ. ಒಂದು ಮೊಟ್ಟೆಯೊಳಗೆ ಹೋಗುವುದು 40 ಮಿಲಿಲೀಟರಿನಷ್ಟು. ಮಿಕ್ಕಿದ್ದೆಲ್ಲ ಉಸಿರಾಗಿ, ಹಿಕ್ಕೆಯಾಗಿ ಹೊರಬರುತ್ತದೆ. ಹಿಕ್ಕೆಯ ತೂಕದಲ್ಲಿ ಮುಕ್ಕಾಲು ಪಾಲು ನೀರೇ. ಇನ್ನು ನಿಮ್ಮ ಗೂಡಿನಲ್ಲಿರುವ ಗಾಳಿ ಮೂರೂವರೆ ಘನ ಮೀಟರಿಗಿಂತ ಕಡಿಮೆ. 0 ಡಿಗ್ರಿ ಸೆಲ್ಸಿಯಸ್ಸಿನಲ್ಲಿ (ಮುಂದಿನ ಡಿಗ್ರಿಗಳೂ ಸೆಲ್ಸಿಯಸ್ಸೇ) ಅಷ್ಟು ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ 17 ಗ್ರಾಂ, ಅಂದರೆ ಮೂರು ಟೀ ಚಮಚ ಚಿಲ್ಲರೆ. ಡಿಸೆಂಬರಿನ ಹದಿನೈದು ಗಂಟೆಯ ರಾತ್ರಿಯಲ್ಲಿ ಬರುವ ಆವಿ ಅದಕ್ಕೆ ಎಷ್ಟೋ ಪಟ್ಟು. ಹೊರಗೆ ಹೋಗಲಾಗದ ಆವಿ ಗಾಜಿನ ಮೇಲೆ, ಗೋಡೆಯ ಮೇಲೆ, ಕೋಳಿಯ ಜುಟ್ಟಿನ ಮೇಲೆ ಕೂರುತ್ತದೆ. ಒಣ ಗಾಳಿಯಲ್ಲಿ ಕಡುಚಳಿ ತಡೆಯುವ ಜುಟ್ಟು ಒದ್ದೆಯಾದರೆ ಅದಕ್ಕಿಂತ ಕಡಿಮೆ ಚಳಿಯಲ್ಲೇ ಸತ್ತುಹೋಗುತ್ತದೆ.

ಹಾಗಾಗಿ ಫೋಮನ್ನು ಮೇಲಿನಿಂದ ಕೀಳಿ, ಕೆಳಗಿನದು ಇರಲಿ. ಸೂರಿನ ಕೆಳಗೆ ಎದುರುಬದುರು ಎರಡು ಗೋಡೆಗಳಲ್ಲಿ 6 ಇಂಚು ಎತ್ತರ, 24 ಇಂಚು ಉದ್ದದ ತೆರಪು ಒಂದೊಂದು ಬೇಕು. ಎರಡೂ ಸೇರಿ 2 ಚದರ ಅಡಿ. ಆರು ಕೋಳಿಗೆ ಚಳಿಗಾಲದಲ್ಲಿ ಇದು ಕನಿಷ್ಠ. ಬೇಸಿಗೆಗೆ ಇದರ ಮೂರು ಪಟ್ಟು ಬೇಕಾಗುತ್ತದೆ. ತೆರಪಿಗೆ ಅರ್ಧ ಇಂಚು ಕಣ್ಣಿನ ಹಾರ್ಡ್‌ವೇರ್ ಜಾಲರಿಯನ್ನು ವಾಷರ್ ಹಾಕಿದ ಸ್ಕ್ರೂಗಳಿಂದ ಬಿಗಿಯಿರಿ. ಅಂಗಡಿಯವರು 'ಚಿಕನ್ ವೈರ್' ಎಂದು ಕೊಡುವ ಷಟ್ಕೋನ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ರಕೂನ್ ಅದನ್ನು ಕೈಯಿಂದಲೇ ಹರಿಯುತ್ತದೆ, ಮುಂಗುಸಿಯಂಥ ತೆಳು ಮೈಯ ವೀಸೆಲ್ ಬಲೆಯ ಕಣ್ಣಿನ ಮೂಲಕವೇ ನುಸುಳುತ್ತದೆ.

ಗಾಳಿಯಾಟ ಬೇರೆ, ಗಾಳಿಯ ಹೊಡೆತ ಬೇರೆ. ತೆರಪಿನ ಕೆಳಅಂಚು ಕೂತ ಕೋಳಿಯ ತಲೆಗಿಂತ ಒಂದಡಿಯಾದರೂ ಮೇಲಿರಬೇಕು. ಕೂರುವ ಅಡ್ಡೆಯ ಎತ್ತರದಲ್ಲಿ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ತೂಗುಹಾಕಿ, ಗಾಳಿ ಜೋರಾಗಿರುವ ದಿನ ನೋಡಿ. ಪಟ್ಟಿ ಅಲುಗದೆ ನಿಂತರೆ ಸರಿ. ಹಾರಾಡಿದರೆ ಗಾಳಿ ಬರುವ ದಿಕ್ಕಿನ ತೆರಪಿಗೆ ಹೊರಗಿನಿಂದ ಇಳಿಜಾರು ಹಲಗೆ ಹೊಡೆಯಿರಿ.

ಅಡ್ಡೆಗೆ ದುಂಡು ಕೋಲು ಬೇಡ. ಎರಡಕ್ಕೆ ನಾಲ್ಕಿಂಚಿನ ಮರದ ಪಟ್ಟಿಯ ಅಗಲದ ಮಗ್ಗುಲನ್ನು ಮೇಲೆ ಮಾಡಿ ಕೂರಿಸಿ. ಕೋಳಿ ಅದರ ಮೇಲೆ ಪಾದ ಚಪ್ಪಟೆಯಾಗಿ ಊರಿ ಕೂತರೆ ಎದೆಯ ಪುಕ್ಕ ಬೆರಳುಗಳನ್ನು ಪೂರ್ತಿ ಮುಚ್ಚುತ್ತದೆ. ದುಂಡು ಕೋಲಾದರೆ ಬೆರಳ ತುದಿಗಳು ಹೊರಗೆ ಉಳಿದು ಅಲ್ಲಿಂದಲೇ ಹೆಪ್ಪುಗಟ್ಟತೊಡಗುತ್ತವೆ. ಒಂದು ಕೋಳಿಗೆ 10 ಇಂಚು ಜಾಗ, ಗೋಡೆಯಿಂದ ಒಂದಡಿ ದೂರ, ನೆಲದಿಂದ ಎರಡಡಿ ಎತ್ತರ ಸಾಕು. ಅದಕ್ಕಿಂತ ಎತ್ತರದಿಂದ ಭಾರದ ತಳಿಗಳು ಗಟ್ಟಿ ನೆಲಕ್ಕೆ ಧುಮುಕಿದರೆ ಅಂಗಾಲು ಬಿರಿದು ಕೀವುಗಟ್ಟುತ್ತದೆ.

ಕಪ್ಪಾದ ಜುಟ್ಟನ್ನು ಮುಟ್ಟಬೇಡಿ. ಉಜ್ಜುವುದು, ಹೇರ್‌ಡ್ರೈಯರ್ ಹಿಡಿಯುವುದು, ಕತ್ತರಿಸುವುದು ಮೂರೂ ತಪ್ಪು. ಸತ್ತ ತುದಿ ಒಣಗಿ ಕೆಲವು ವಾರಗಳಲ್ಲಿ ತಾನೇ ಉದುರುತ್ತದೆ. ಅಲ್ಲಿಯವರೆಗೆ ಅದು ಕೆಳಗಿನ ಜೀವಂತ ಚರ್ಮಕ್ಕೆ ಮುಚ್ಚಳ. ಊದಿಕೊಂಡರೆ, ಒಸರಿದರೆ, ದುರ್ವಾಸನೆ ಬಂದರೆ ಪಶುವೈದ್ಯರಿಗೆ ತೋರಿಸಿ. ಪಾದಕ್ಕೆ ತಗುಲಿ ಕೋಳಿ ಕುಂಟುತ್ತಿದ್ದರೆ ಒಳಗೆ ತಂದು, ಮೊಣಕೈಗೆ ಬೆಚ್ಚಗೆನಿಸುವ 38ರಿಂದ 40 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ, ಒತ್ತಿ ಒರೆಸಿ. ಚಳಿ ಮುಗಿಯುವ ತನಕ ಆ ಕೋಳಿಯನ್ನು ಗರಾಜಿನಲ್ಲೇ ಇಡಿ. ಒಮ್ಮೆ ಕರಗಿದ ಪಾದ ಮತ್ತೆ ಹೆಪ್ಪುಗಟ್ಟಿದರೆ ಬೆರಳು ಉಳಿಯುವುದಿಲ್ಲ. ಜುಟ್ಟಿಗೆ ವ್ಯಾಸಲೀನ್ ಹಚ್ಚುವ ರೂಢಿ ಇದೆ. ಹಚ್ಚಿದರೆ ಕೇಡಿಲ್ಲ, ಆದರೆ ಅದನ್ನು ನಂಬಿ ತೆರಪು ಮುಚ್ಚಿದರೆ ಕೇಡು.

ಪ್ರಶ್ನೆ: ಮೈನಸ್ 28 ಎಂದು ಮುನ್ಸೂಚನೆ ಇದೆ. 250 ವ್ಯಾಟಿನ ಕೆಂಪು ಹೀಟ್ ಲ್ಯಾಂಪ್ ತಂದಿದ್ದೇವೆ. ರಾತ್ರಿ ಮಾತ್ರ ಹಾಕಿದರೆ ಸಾಲದೇ? (ಕ್ಯಾಲ್ಗರಿ)

ಉತ್ತರ: ವಾಪಸು ಕೊಟ್ಟುಬಿಡಿ. ಒಣ ಮರದ ಹೊಟ್ಟು, ಪುಕ್ಕದ ಧೂಳು, ಹಾರಾಡುವ ಕೋಳಿ, ಒಂದು ಕ್ಲಿಪ್ಪಿನಲ್ಲಿ ನೇತಾಡುವ ಉರಿಯಂಥ ಬಲ್ಬು: ಗೂಡಿಗೆ ಬೆಂಕಿ ಬೀಳಲು ಇನ್ನೇನೂ ಬೇಕಿಲ್ಲ. ಎಷ್ಟೋ ಕಡೆ ಗೂಡಿನಿಂದ ಮನೆಯ ಗೋಡೆಗೂ ಹಬ್ಬಿದೆ. ಚೂರಾಗದಂತೆ ಟೆಫ್ಲಾನ್ ಲೇಪಿಸಿದ ಬಲ್ಬುಗಳದು ಇನ್ನೊಂದು ಗಂಡಾಂತರ. ಲೇಪನ ಕಾದಾಗ ಏಳುವ ಹೊಗೆ ನಮ್ಮ ಮೂಗಿಗೆ ತಿಳಿಯುವುದಿಲ್ಲ, ಹಕ್ಕಿಯ ಶ್ವಾಸಕೋಶ ಮಾತ್ರ ಗಂಟೆಗಳಲ್ಲೇ ಕೈಬಿಡುತ್ತದೆ.

ಕೋಳಿಯ ಮೈಬಿಸಿ 41 ಡಿಗ್ರಿ. ಎರಡೂವರೆ ಕಿಲೋ ತೂಗುವ ಹೇಂಟೆ ಸುಮಾರು 10 ವ್ಯಾಟಿನಷ್ಟು ಶಾಖ ತಾನೇ ಹೊರಸೂಸುತ್ತದೆ. ಆರು ಕೋಳಿ ಒತ್ತಿಕೊಂಡು ಕೂತರೆ ಅದೇ 60 ವ್ಯಾಟ್. ಮೈಮೇಲೆ ಹೊಸ ಪುಕ್ಕ ತುಂಬಿದ, ಶರತ್ಕಾಲದಿಂದ ಹಂತಹಂತವಾಗಿ ಚಳಿಗೆ ಒಗ್ಗಿದ ಕೋಳಿಗೆ ಮೈನಸ್ 28 ಇಷ್ಟವಾಗುವುದಿಲ್ಲ, ಸಾವೂ ಅಲ್ಲ. ಲ್ಯಾಂಪಿನಡಿ ಬೆಳೆದ ಕೋಳಿಗೆ ಈ ಒಗ್ಗುವಿಕೆ ಇರುವುದಿಲ್ಲ. ಹಿಮಬಿರುಗಾಳಿಯ ರಾತ್ರಿಯೇ ಕರೆಂಟ್ ಹೋಗುವುದು. ಆಗ ಒಂದೇ ಗಂಟೆಯಲ್ಲಿ ಗೂಡು 5 ಡಿಗ್ರಿಯಿಂದ ಮೈನಸ್ 20ಕ್ಕೆ ಕುಸಿದರೆ ಕೋಳಿಯನ್ನು ಕೊಲ್ಲುವುದು ಆ ಕುಸಿತ.

ಮರಿ, ಮುದಿ ಕೋಳಿ, ಕಾಯಿಲೆಯದು, ಪುಕ್ಕ ಉದುರಿಸಿಕೊಂಡು ಬರಿಮೈಯಾದದ್ದು ಇದ್ದರೆ ಮಾತು ಬೇರೆ. ಗೋಡೆಗೆ ಸ್ಕ್ರೂ ಹಾಕಿ ಕೂರಿಸುವ 200 ವ್ಯಾಟಿನ ಚಪ್ಪಟೆ ಶಾಖಫಲಕ ಅಂಥವಕ್ಕೆ ಆದೀತು. ಅದು ಗಾಳಿಯನ್ನು ಕಾಯಿಸದೆ ಎದುರು ಕೂತ ಕೋಳಿಯ ಮೈಯನ್ನಷ್ಟೇ ಬೆಚ್ಚಗಿಡುತ್ತದೆ. ಮನೆಯೊಳಗೆ ತಂದು 22 ಡಿಗ್ರಿಯಲ್ಲಿ ಮೂರು ದಿನ ಇಟ್ಟು ಮತ್ತೆ ಹಿಮಕ್ಕೆ ಬಿಡುವುದು ಮಾತ್ರ ಬೇಡ. ತಂದಿರಾದರೆ ಹವಾಮಾನ ಸೌಮ್ಯವಾಗುವವರೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ನೀರು ಎರಡೇ ಗಂಟೆಯಲ್ಲಿ ಕಲ್ಲಾಗುತ್ತದೆ. ನಿಪ್ಪಲ್ (ಕೊಕ್ಕು ತಾಗಿಸಿದರೆ ಹನಿ ಬಿಡುವ ನಳಿಕೆ) ಇರುವ ಬಕೆಟ್, ಕೆಳಗೆ ಇಡುವ ಬಿಸಿ ತಟ್ಟೆ, ನಾಯಿಗೆ ಇಡುವ ಬಿಸಿ ಬಟ್ಟಲು, ಯಾವುದು ಒಳ್ಳೆಯದು? ಉಪ್ಪು ಹಾಕಿದರೆ ಹೆಪ್ಪುಗಟ್ಟುವುದಿಲ್ಲ ಎನ್ನುತ್ತಾರೆ. (ಮ್ಯಾಡಿಸನ್, ವಿಸ್ಕಾನ್ಸಿನ್, ಇದೇ ಪ್ರಶ್ನೆ ಬಫಲೋದಿಂದಲೂ)

ಉತ್ತರ: ಉಪ್ಪು ಕೋಳಿಗೆ ವಿಷ. ಆ್ಯಂಟಿಫ್ರೀಜ್‌ನ ಮಾತೇ ಬೇಡ. ಉಪ್ಪುನೀರು ತುಂಬಿ ಮುಚ್ಚಿದ ಬಾಟಲಿಯನ್ನು ಬಟ್ಟಲಲ್ಲಿ ತೇಲಿಬಿಡುವ ಉಪಾಯ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿನವರೆಗೆ ನಡೆದೀತು, ಮ್ಯಾಡಿಸನ್ನಿನ ಜನವರಿಗೆ ಏನೇನೂ ಸಾಲದು.

ಕರೆಂಟ್ ಎಳೆಯಲು ಸಾಧ್ಯವಿದ್ದರೆ 125 ವ್ಯಾಟಿನ ಬಿಸಿ ತಟ್ಟೆ, ಅದರ ಮೇಲೆ ಎರಡು ಪದರದ ತಗಡಿನ ನೀರುಪಾತ್ರೆ ನಮ್ಮ ಮೊದಲ ಆಯ್ಕೆ. ತಟ್ಟೆಯಲ್ಲಿ ಥರ್ಮೋಸ್ಟಾಟ್ ಇದ್ದು, ಸೊನ್ನೆಗೆ ಒಂದೆರಡು ಡಿಗ್ರಿ ಮೇಲಿರುವಾಗಲೇ ತಾನಾಗಿ ಹತ್ತಿಕೊಳ್ಳುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಉರಿದರೂ ಖರ್ಚು ಒಂದೂವರೆ ಯೂನಿಟ್. ಪಾತ್ರೆಯ ಅಂಚಿನ ಕಾಲುವೆ ಕಿರಿದಾಗಿರುವುದರಿಂದ ಗಲ್ಲದ ಜೋಲು ನೀರಿಗೆ ಅದ್ದುವುದು ಕಡಿಮೆ. ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ. ಕೆಳಗಿದ್ದರೆ ಕೆದರಿ ಹೊಟ್ಟು ತುಂಬಿಸುತ್ತವೆ. ತಗಡಿನ ಪಾತ್ರೆಗೆ ಆ್ಯಪಲ್ ಸೈಡರ್ ವಿನಿಗರ್ ಹಾಕಬೇಡಿ, ಹುಳಿ ಸತುವಿನ ಲೇಪವನ್ನು ತಿಂದು ನೀರಿಗೆ ಬಿಡುತ್ತದೆ.

ನಾಯಿಯ ಬಿಸಿ ಬಟ್ಟಲು ಅಗ್ಗ, 60 ವ್ಯಾಟಿನಲ್ಲಿ ಕೆಲಸ ನಡೆಯುತ್ತದೆ. ಆದರೆ ಬಾಯಿ ಅಗಲ, ಜೋಲು ಅದ್ದುತ್ತದೆ. ಉದ್ದ ಜೋಲಿನ ಹುಂಜ ಇರುವ ಮನೆಗೆ ಸಲ್ಲದು. ಅಡ್ಡ ನಿಪ್ಪಲ್ಲಿನ ಬಕೆಟ್ಟಿನಲ್ಲಿ ನೀರು ಶುಚಿಯಾಗಿರುತ್ತದೆ, ಒಳಗೆ ಹೀಟರ್ ಮುಳುಗಿಸಿದರೆ ಸಾಧಾರಣ ಚಳಿ ತಡೆಯುತ್ತದೆ. ಕಡುಚಳಿಯಲ್ಲಿ ಬಕೆಟ್ಟಿನ ನೀರು ಬೆಚ್ಚಗಿದ್ದರೂ ಹೊರಗೆ ಚಾಚಿದ ಲೋಹದ ಕಡ್ಡಿಯ ಮೇಲಿನ ಒಂದು ಹನಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಬಕೆಟ್ ತುಂಬ ನೀರಿದ್ದೂ ಕೋಳಿ ಬಾಯಾರಿ ನಿಂತಿರುತ್ತದೆ. ಕೆಳಮುಖದ ನಿಪ್ಪಲ್ ಇನ್ನೂ ಬೇಗ ಕಟ್ಟುತ್ತದೆ.

ಕರೆಂಟ್ ಇಲ್ಲದವರು ಕರಿ ರಬ್ಬರಿನ ಅಗಲ ಬೋಗುಣಿ ಎರಡು ಇಟ್ಟುಕೊಳ್ಳಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ನಾಲ್ಕರೊಳಗೆ ಬಿಸಿನೀರು ಬೆರೆಸಿ ಬದಲಿಸಿ. ಹೆಪ್ಪುಗಟ್ಟಿದ ಬೋಗುಣಿಯನ್ನು ಬೋರಲು ಹಾಕಿ ಮೆಟ್ಟಿದರೆ ಮಂಜುಗಡ್ಡೆ ಇಡ್ಲಿಯ ಹಾಗೆ ಬಿಟ್ಟುಬರುತ್ತದೆ. ಪ್ಲಾಸ್ಟಿಕ್ ಆದರೆ ಒಡೆಯುತ್ತದೆ.

ನೀರನ್ನು ಗೂಡಿನ ಒಳಗಿಡಬೇಡಿ, ಮೇಲೆ ಮಾಡು ಇರುವ ಓಟದ ಅಂಗಳದಲ್ಲಿಡಿ, ಅಂದರೆ ಗೂಡಿನ ಹೊರಗೆ ಕೋಳಿ ಓಡಾಡಲು ಬಲೆ ಕಟ್ಟಿದ ಜಾಗದಲ್ಲಿ. ಕತ್ತಲಾದ ಮೇಲೆ ಕೋಳಿ ನೀರು ಕುಡಿಯುವುದಿಲ್ಲ, ಹಾಗಾಗಿ ರಾತ್ರಿಗೆ ಒಳಗೆ ನೀರು ಬೇಕಿಲ್ಲ. ಇಟ್ಟರೆ ಮೊದಲ ಉತ್ತರದಲ್ಲಿ ಹೇಳಿದ ತೇವಕ್ಕೆ ನೀವೇ ಒಂದು ಬಟ್ಟಲು ಸೇರಿಸಿದ ಹಾಗೆ. ವೈರು 12 ಗೇಜಿನ, ಹೊರಾಂಗಣಕ್ಕೆಂದೇ ಮಾಡಿದ್ದು, ನಡುವೆ ಜೋಡಣೆ ಇಲ್ಲದ್ದು ಇರಲಿ. ಸಾಕೆಟ್ ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ಕಡಿದುಬಿಡುವ ಸಾಧನ) ಇರುವುದೇ ಆಗಬೇಕು.

ಪ್ರಶ್ನೆ: ಡೀಪ್ ಲಿಟರ್, ಅಂದರೆ ನೆಲದ ಮೇಲೆ ದಪ್ಪನೆ ಹಾಸು, ಹಾಕಿದರೆ ಕೆಳಗಿನಿಂದ ಬಿಸಿ ಏಳುತ್ತದಂತೆ. ನಮ್ಮದು ಪ್ಲೈವುಡ್ ನೆಲದ ಗೂಡು. ಆರಿಂಚು ಹಾಕಿ ಎರಡು ತಿಂಗಳಾಯಿತು, ಬಿಸಿ ಕಾಣೆ. (ಆ್ಯನ್ ಆರ್ಬರ್, ಮಿಷಿಗನ್)

ಉತ್ತರ: ಕಾಣುವುದೂ ಇಲ್ಲ. ಹಾಸು ಕೊಳೆತು ಬಿಸಿಯಾಗಬೇಕಾದರೆ ಕೆಳಗೆ ಮಣ್ಣಿನ ನೆಲ, ಸಾಕಷ್ಟು ಆಳ, ತೇವ ಎಲ್ಲ ಕೂಡಿಬರಬೇಕು. ಪ್ಲೈವುಡ್ಡಿನ ಮೇಲೆ ಮೈನಸ್ ಚಳಿಯಲ್ಲಿ ಅದು ಗೊಬ್ಬರವಾಗದೆ ಒಣ ಹಾಸಾಗಿಯೇ ಉಳಿಯುತ್ತದೆ. ಅದರಿಂದ ಬೇಸರ ಬೇಡ. ತೇವ ಹೀರುವುದು, ನೆಲದ ತಣುವನ್ನು ತಡೆಯುವುದು ಅದರ ನಿಜವಾದ ಉಪಯೋಗ, ಅದಕ್ಕೆ ಒಣಗಿದ್ದರೇ ಒಳ್ಳೆಯದು.

ಹಾಸಿಗೆ ಪೈನ್ ಮರದ ಹೆರೆ ತನ್ನಿ. ಸೀಡರ್ ಬೇಡ, ಅದರ ಎಣ್ಣೆಯ ಘಾಟು ಶ್ವಾಸಕೋಶಕ್ಕೆ ಆಗದು. 24 ಚದರ ಅಡಿಯ ಗೂಡಿಗೆ ಆರಿಂಚು ಎಂದರೆ 12 ಘನ ಅಡಿ. ಒತ್ತಿ ತುಂಬಿದ ದೊಡ್ಡ ಚೀಲ ಬಿಡಿಸಿದರೆ ಸುಮಾರು 8 ಘನ ಅಡಿ ಆಗುತ್ತದೆ, ಅಂದರೆ ಒಂದೂವರೆ ಚೀಲ. ಎರಡು ವಾರಕ್ಕೊಮ್ಮೆ ಮೇಲೆ ಒಂದಿಂಚು ಸೇರಿಸಿ. ಬಾಗಿಲ ಬಳಿ ಗಟ್ಟಿಯಾದ ಹಾಸಿನ ಉಂಡೆಗಳನ್ನು ಎತ್ತಿಹಾಕಿ.

ಹಾಸಿಗಿಂತಲೂ ಹೆಚ್ಚು ಫಲ ಕೊಡುವುದು ಅಡ್ಡೆಯ ಕೆಳಗಿನ ಹಲಗೆ. ದಿನದ ಹಿಕ್ಕೆಯಲ್ಲಿ ದೊಡ್ಡ ಪಾಲು ರಾತ್ರಿ ಅಡ್ಡೆಯಿಂದಲೇ ಬೀಳುತ್ತದೆ. ಅಡ್ಡೆಯ ಆರಿಂಚು ಕೆಳಗೆ 20 ಇಂಚು ಅಗಲದ ಹಲಗೆ ಕೂರಿಸಿ, ಬೆಳಗ್ಗೆ ಬಣ್ಣ ಕೆರೆಯುವ ಅಗಲ ಕೆರೆಗತ್ತಿಯಿಂದ ಬಕೆಟ್ಟಿಗೆ ತಳ್ಳಿ. ಮೈನಸ್ 15ರಲ್ಲಿ ಹಿಕ್ಕೆ ಗೋಲಿಯ ಹಾಗೆ ಉರುಳುತ್ತದೆ, ಎರಡು ನಿಮಿಷದ ಕೆಲಸ. ಬೇಸಿಗೆಯಲ್ಲಿ ಇದೇ ಕೆಲಸಕ್ಕೆ ಮೂಗು ಮುಚ್ಚಿಕೊಳ್ಳಬೇಕು.

ಅಮೋನಿಯ ಇದೆಯೇ ಎಂದು ನಿಂತುಕೊಂಡು ಮೂಸಿದರೆ ಗೊತ್ತಾಗುವುದಿಲ್ಲ. ಬೆಳಗ್ಗೆ ಬಾಗಿಲು ತೆರೆದ ತಕ್ಷಣ ಮಂಡಿಯೂರಿ ಮೂಗನ್ನು ಕೋಳಿಯ ಎತ್ತರಕ್ಕೆ ಇಳಿಸಿ. ಕಣ್ಣು ಚುರ್ ಎಂದರೆ ಕೋಳಿಗೆ ಆಗಲೇ ಮಿತಿ ಮೀರಿದೆ.

ಪ್ರಶ್ನೆ: ನವೆಂಬರಿನಿಂದ ಮೊಟ್ಟೆಯೇ ಇಲ್ಲ. ಎರಡನೇ ವರ್ಷದ ಕೋಳಿಗಳು. ಲೈಟ್ ಹಾಕಬೇಕೇ? (ಎಡ್ಮಂಟನ್)

ಉತ್ತರ: ಮೊಟ್ಟೆ ನಿಲ್ಲಿಸಿದ್ದು ಚಳಿಯಲ್ಲ, ಕತ್ತಲು. ಹೇಂಟೆಯ ಮೈ ಮೊಟ್ಟೆಗೆ ಸಜ್ಜಾಗಲು ದಿನಕ್ಕೆ 14 ಗಂಟೆ ಬೆಳಕು ಬೇಕು. ಡಿಸೆಂಬರ್ 21ರ ಸುಮಾರಿಗೆ ಎಡ್ಮಂಟನ್ನಿನಲ್ಲಿ ಹಗಲು ಏಳೂವರೆ ಗಂಟೆ. ಜೊತೆಗೆ ಎರಡನೇ ವರ್ಷದ ಕೋಳಿ ಶರತ್ಕಾಲದಲ್ಲಿ ಪುಕ್ಕ ಉದುರಿಸಿ ಹೊಸದು ಕಟ್ಟಿಕೊಳ್ಳುತ್ತದೆ. ಪುಕ್ಕದ ಶೇ. 85ರಷ್ಟು ಪ್ರೋಟೀನು, ಆ ಹೊತ್ತಿನಲ್ಲಿ ಮೊಟ್ಟೆಗೆ ಮಿಗುವುದು ಏನೂ ಇಲ್ಲ. ಪುಕ್ಕ ತುಂಬುವವರೆಗೆ ಶೇ. 18ರಿಂದ 20 ಪ್ರೋಟೀನಿನ ಆಹಾರ ಕೊಡಿ, ಲೈಟಿನ ಯೋಚನೆ ಆಮೇಲೆ.

ಹಾಕುವುದಾದರೆ 9 ವ್ಯಾಟಿನ, ಹಳದಿ ಬೆಳಕಿನ ಎಲ್‌ಇಡಿ ಒಂದು ಸಾಕು. ಅಡ್ಡೆಯ ಮಟ್ಟದಲ್ಲಿ ಪತ್ರಿಕೆ ಓದುವಷ್ಟು ಬೆಳಕಿದ್ದರೆ ಆಯಿತು. ಟೈಮರ್ ಹಾಕಿ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ. ಬೆಳಕು ಸೇರಿಸಬೇಕಾದ್ದು ಬೆಳಗಿನ ಜಾವದ ಕಡೆ. ಸಂಜೆ ಸೇರಿಸಿದರೆ ಬಲ್ಬು ಪಟ್ಟನೆ ಆರಿದಾಗ ಕೋಳಿ ನೆಲದ ಮೇಲೇ ಸಿಕ್ಕಿಕೊಳ್ಳುತ್ತದೆ. ಇರುಳಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ, ಅಡ್ಡೆ ಹತ್ತಲಾಗದೆ ತಣ್ಣನೆ ನೆಲದಲ್ಲಿ ರಾತ್ರಿ ಕಳೆಯುತ್ತದೆ. ಆದರೆ ನಿಮ್ಮೂರಿನ ಲೆಕ್ಕದಲ್ಲಿ ಒಂದು ತೊಡಕಿದೆ. ಸೂರ್ಯ ಮುಳುಗುವುದು ನಾಲ್ಕೂಕಾಲಕ್ಕೆ, 14 ಗಂಟೆ ಹಿಂದಕ್ಕೆ ಎಣಿಸಿದರೆ ರಾತ್ರಿ ಎರಡೂಕಾಲಕ್ಕೆ ಬಲ್ಬು ಹೊತ್ತಿಕೊಳ್ಳಬೇಕು. ಬೇಲಿಯಾಚೆ ಮಲಗಿದವರನ್ನು ನೆನೆದು ನಾಲ್ಕು ಗಂಟೆಗೆ ಹಚ್ಚಿ 12 ಗಂಟೆ ಬೆಳಕಿಗೇ ತೃಪ್ತರಾಗುವುದು ಮೇಲು. ದಿನಕ್ಕೆ ಆರು ಬರುವಲ್ಲಿ ಒಂದೋ ಎರಡೋ ಬಂದೀತು.

ನಮ್ಮನ್ನು ಕೇಳಿದರೆ ಹಳೆಯ ಕೋಳಿಗಳನ್ನು ಹಾಗೇ ಬಿಡಿ, ಫೆಬ್ರವರಿಯಲ್ಲಿ ಹಗಲು ಬೆಳೆದಂತೆ ತಾವೇ ಶುರುಮಾಡುತ್ತವೆ. ಪ್ರತಿ ಏಪ್ರಿಲಿನಲ್ಲಿ ಎರಡು ಹೊಸ ಮರಿ ತನ್ನಿ. ಅವು 20ರಿಂದ 24 ವಾರಕ್ಕೆ, ಅಂದರೆ ಸೆಪ್ಟೆಂಬರ್ ಹೊತ್ತಿಗೆ ಮೊಟ್ಟೆಗೆ ಬರುತ್ತವೆ. ಮೊದಲ ಚಳಿಗಾಲದಲ್ಲಿ ಲೈಟಿಲ್ಲದೆಯೂ ಸಾಮಾನ್ಯವಾಗಿ ಇಡುತ್ತಲೇ ಇರುತ್ತವೆ. ನಗರದ ನಿಯಮದಲ್ಲಿ ಎಷ್ಟು ಕೋಳಿಗೆ ಪರವಾನಗಿ ಎಂಬುದನ್ನು ಮೊದಲೇ ನೋಡಿಕೊಂಡಿರಿ.

ಪ್ರಶ್ನೆ: ಚಳಿಗೆ ಬಿಸಿಬಿಸಿ ರಾಗಿ ಅಂಬಲಿ ಕೊಟ್ಟರೆ ಒಳ್ಳೆಯದಲ್ಲವೇ? ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ಚಿಪ್ಪಿನ ಪುಡಿ ಬೇಕಾಗುವುದಿಲ್ಲ ಅಲ್ಲವೇ? (ಬರ್ಲಿಂಗ್ಟನ್, ವರ್ಮಾಂಟ್)

ಉತ್ತರ: ರಾಗಿ ಮನುಷ್ಯರಿಗೆ ಹೇಳುವ ಲೆಕ್ಕ ಕೋಳಿಗೆ ಸಾಲದು. 10 ಗ್ರಾಂ ರಾಗಿಯಲ್ಲಿರುವ ಕ್ಯಾಲ್ಸಿಯಂ 35 ಮಿಲಿಗ್ರಾಂ ಆಸುಪಾಸು. ಒಂದು ಮೊಟ್ಟೆಯ ಚಿಪ್ಪಿಗೇ 2 ಗ್ರಾಂ ಬೇಕು, ಅಷ್ಟು ಮೈಗೆ ಹತ್ತಲು ದಿನಕ್ಕೆ 4 ಗ್ರಾಂ ತಿನ್ನಬೇಕು. ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಟ್ಟಿರಿ, ಬೇಕಾದದ್ದು ಬಂದು ತಿನ್ನುತ್ತದೆ. ಪಕ್ಕದಲ್ಲೇ ಇನ್ನೊಂದು ಬಟ್ಟಲಲ್ಲಿ ಗ್ರಿಟ್ ಇರಲಿ, ಅಂದರೆ ಗ್ರಾನೈಟಿನ ಚೂರು. ನೆಲವೆಲ್ಲ ಹಿಮದಡಿ ಹೋದಾಗ ಹೊಟ್ಟೆಯಲ್ಲಿ ಕಾಳು ಅರೆಯುವ ಕಲ್ಲು ಕೋಳಿಗೆ ಎಲ್ಲೂ ಸಿಗುವುದಿಲ್ಲ. ಚಿಪ್ಪು ಬೇಗ ಕರಗುವುದರಿಂದ ಕಲ್ಲಿನ ಕೆಲಸ ಮಾಡದು.

ಅಂಬಲಿ ತಿನ್ನಲು ಇಷ್ಟವೇ. ಆದರೆ ಗದ್ದಕ್ಕೆ ಮೆತ್ತಿಕೊಂಡು ಅಲ್ಲೇ ಹೆಪ್ಪುಗಟ್ಟುತ್ತದೆ. ಕೊಡಲೇಬೇಕೆಂದರೆ ಉಪ್ಪು ಮಜ್ಜಿಗೆ ಇಲ್ಲದೆ, ಕೋಳಿಗಳ ಮಾಮೂಲು ಆಹಾರದ ಪುಡಿಯನ್ನೇ ಬೆರೆಸಿ, ಮುದ್ದೆಯಷ್ಟು ಗಟ್ಟಿಯಾಗಿ, ಹತ್ತು ನಿಮಿಷದಲ್ಲಿ ಮುಗಿಯುವಷ್ಟು ಕೊಡಿ. ಉಳಿದದ್ದನ್ನು ಎತ್ತಿಬಿಡಿ. ಸಂಜೆ ಗೂಡು ಸೇರುವ ಮುಂಚೆ ಒಡೆದ ಮೆಕ್ಕೆಜೋಳ ಒಂದೊಂದು ಕೋಳಿಗೆ ಒಂದು ಚಮಚ, 10ರಿಂದ 15 ಗ್ರಾಂ, ಎರಚಿದರೆ ಅದೇ ಒಳ್ಳೆಯದು; ರಾತ್ರಿಯೆಲ್ಲ ನಿಧಾನ ಜೀರ್ಣವಾಗುತ್ತ ಮೈ ಬೆಚ್ಚಗಿಡುತ್ತದೆ. ಪ್ರೀತಿಗೆ ಬೊಗಸೆ ಬೊಗಸೆ ಹಾಕಿದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ವಸಂತದಲ್ಲಿ ಅಡ್ಡೆಯಿಂದ ಸತ್ತು ಬೀಳುತ್ತವೆ.

ಮುಖ್ಯ ಊಟ ಶೇ. 16 ಪ್ರೋಟೀನಿನ ಲೇಯರ್ (ಮೊಟ್ಟೆ ಇಡುವ ಕೋಳಿಯ) ಆಹಾರವೇ. ಸಾಧಾರಣ ದಿನ ಕೋಳಿಗೆ 120 ಗ್ರಾಂ, ಕಡುಚಳಿಗೆ 150. ಆರು ಕೋಳಿಗೆ 50 ಪೌಂಡಿನ ಚೀಲ ಬೇಸಿಗೆಯಲ್ಲಿ ಒಂದು ತಿಂಗಳು, ಜನವರಿಯಲ್ಲಿ 25 ದಿನ. ಚೀಲ ಅದಕ್ಕಿಂತ ಬೇಗ ಖಾಲಿಯಾದರೆ ಇಲಿ ಬಂದಿದೆ ಎಂದೇ ತಿಳಿಯಿರಿ. ಅನ್ನ ಕೊಡಬಹುದು, ಸಾರು ಕಲಸಿದ್ದು ಬೇಡ. ಬೇಯಿಸದ ರಾಜ್ಮಾ, ಬೆಣ್ಣೆಹಣ್ಣಿನ ಸಿಪ್ಪೆ ಮತ್ತು ಬೀಜ ಹತ್ತಿರವೂ ಬರಕೂಡದು.

ಪ್ರಶ್ನೆ: ನಾಟಿ ಕೋಳಿಯಂಥ ಗಟ್ಟಿ ತಳಿ ಇಲ್ಲಿ ಯಾವುದು? ಗಿರಿರಾಜ ಸಿಗುತ್ತದೆಯೇ? (ಹೊಸದಾಗಿ ಮಾಂಟ್ರಿಯಲ್‌ಗೆ ಬಂದವರು)

ಉತ್ತರ: ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ಬಿಸಿಲು ನಾಡಿನ ಹಿತ್ತಲಿಗೆ ಮಾಡಿದ ತಳಿ, ಅಲ್ಲಿ ಸಿಗದು. ಬೋಳುಕತ್ತಿನ ಕೋಳಿ 'ಟರ್ಕನ್' ಎಂಬ ಹೆಸರಲ್ಲಿ ಸಿಗುತ್ತದೆ, ಆದರೆ ಪುಕ್ಕ ಕಡಿಮೆಯಾದ ಕಾರಣ ಚಳಿಗೆ ಹೆಚ್ಚು ಮೇವು ಕೇಳುತ್ತದೆ. ನೀವಿರುವ ಕ್ವಿಬೆಕ್ಕಿನಲ್ಲೇ ಇದಕ್ಕೆ ಉತ್ತರ ಹುಟ್ಟಿದೆ. ಅಲ್ಲಿನ ಓಕಾದ ಮಠದಲ್ಲಿ ಬ್ರದರ್ ವಿಲ್‌ಫ್ರಿಡ್ ಶಾಟೆಲೇನ್ 20ನೇ ಶತಮಾನದ ಆರಂಭದಲ್ಲಿ ಶಾಂಟೆಕ್ಲೇರ್ ಎಂಬ ತಳಿ ಕಟ್ಟಿದರು. ಗುಂಡಿಯಷ್ಟೇ ಜುಟ್ಟು, ಇಲ್ಲವೆನ್ನುವಷ್ಟು ಜೋಲು, ಹೆಪ್ಪುಗಟ್ಟಲು ತುದಿಯೇ ಇಲ್ಲ. ವಯಂಡಾಟ್, ಬಕ್‌ಐ ಕೂಡ ಚಿಕ್ಕ ಜುಟ್ಟಿನವು. ಬ್ರಹ್ಮ ದೊಡ್ಡ ಮೈಯದು, ಚಳಿಗೆ ಒಳ್ಳೆಯದು, ಆದರೆ ಕಾಲಿನ ಪುಕ್ಕಕ್ಕೆ ಒದ್ದೆ ಹಿಮ ಉಂಡೆಗಟ್ಟುತ್ತದೆ. ಎತ್ತರ ಜುಟ್ಟಿನ ಲೆಗ್‌ಹಾರ್ನ್, ಮಳೆ ತಡೆಯದ ನೂಲುಪುಕ್ಕದ ಸಿಲ್ಕಿ ಇವೆರಡನ್ನು ಮೊದಲ ವರ್ಷ ಬಿಟ್ಟುಬಿಡಿ.

ಪ್ರಶ್ನೆ: ಹಿಮ ಬಿದ್ದರೆ ಕೋಳಿಗಳು ಬಾಗಿಲು ದಾಟುವುದೇ ಇಲ್ಲ.

ಉತ್ತರ: ಬಿಳಿ ನೆಲ ಕಂಡರೆ ಹೆದರುತ್ತವೆ. ದೂಡಬೇಡಿ. ಸಲಿಕೆಯಿಂದ ಎರಡಡಿ ದಾರಿ ಬಿಡಿಸಿ ಹುಲ್ಲು ಹರಡಿ, ಬರುತ್ತವೆ. ಓಟದ ಅಂಗಳದ ಗಾಳಿ ಬರುವ ಮಗ್ಗುಲಿಗೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹೊಡೆಯಿರಿ. ಮೇಲೆ ಬಲೆ ಮಾತ್ರ ಇದ್ದರೆ ಒದ್ದೆ ಹಿಮದ ಭಾರಕ್ಕೆ ಕಂಬ ಸಮೇತ ಕುಸಿಯುತ್ತದೆ. ಪೊರಕೆಯಿಂದ ಆಗಾಗ ಕೆಳಗಿನಿಂದ ತಟ್ಟಿ. ಒಳಗೇ ಕೂತು ಬೇಸರಕ್ಕೆ ಒಂದರ ಪುಕ್ಕ ಒಂದು ಕೀಳತೊಡಗಿದರೆ ಒಂದು ಎಲೆಕೋಸನ್ನು ಹಗ್ಗದಲ್ಲಿ ಕಣ್ಣಿನ ಮಟ್ಟಕ್ಕೆ ನೇತುಹಾಕಿ.

ಪ್ರಶ್ನೆ: ಗೂಡಲ್ಲೇ ಹೆಪ್ಪುಗಟ್ಟಿ ಬಿರುಕು ಬಿಟ್ಟ ಮೊಟ್ಟೆ ತಿನ್ನಬಹುದೇ?

ಉತ್ತರ: ಬಿರುಕು ಬಿಟ್ಟದ್ದು ಬೇಡ. ಬಿರಿಯದೆ ಹೆಪ್ಪುಗಟ್ಟಿದ್ದನ್ನು ಫ್ರಿಜ್ಜಿನಲ್ಲಿ ಕರಗಿಸಿ ಚೆನ್ನಾಗಿ ಬೇಯಿಸಿ ತಿನ್ನಿ. ತೊಳೆಯುವಾಗ ನೀರು ಮೊಟ್ಟೆಗಿಂತ ಬೆಚ್ಚಗಿರಬೇಕು, 32 ಡಿಗ್ರಿಗೆ ಮೇಲೆ. ತಣ್ಣೀರಾದರೆ ಒಳಗಿನ ಗಾಳಿ ಕುಗ್ಗಿ ಚಿಪ್ಪಿನ ರಂಧ್ರಗಳಿಂದ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ.

ಪ್ರಶ್ನೆ: ಹೇಂಟೆಯ ಹಿಂಭಾಗದ ಪುಕ್ಕ ಕರ್ರಗೆ ಜಿಡ್ಡಾಗಿದೆ. ಚಳಿಗಾಲದಲ್ಲಿ ಹೇನು ಇರುವುದಿಲ್ಲ ಎಂದುಕೊಂಡಿದ್ದೆವು. (ಡುಲುತ್, ಮಿನ್ನೆಸೋಟ)

ಉತ್ತರ: ಬೇಸಿಗೆಯದು ಕೆಂಪು ನುಸಿ, ರಾತ್ರಿ ಬಂದು ಕಚ್ಚಿ ಹಗಲು ಮರದ ಸಂದಿಯಲ್ಲಿ ಅಡಗುವುದು. ನೀವು ಹೇಳುವುದು ಉತ್ತರದ ಕೋಳಿನುಸಿ. ಅದು ಕೋಳಿಯ ಮೈಮೇಲೇ ಹುಟ್ಟಿ ಅಲ್ಲೇ ಸಾಯುತ್ತದೆ, ಆದ್ದರಿಂದ ಹೊರಗಿನ ಚಳಿ ಅದಕ್ಕೆ ತಾಗುವುದೇ ಇಲ್ಲ. ಚಳಿಗಾಲವೇ ಅದರ ಸುಗ್ಗಿ. ರಾತ್ರಿ ಟಾರ್ಚ್ ಹಿಡಿದು ಗುದದ್ವಾರದ ಸುತ್ತ ಪುಕ್ಕ ಬಿಡಿಸಿ ನೋಡಿದರೆ ಮೆಣಸಿನ ಪುಡಿಯಂತೆ ಓಡಾಡುತ್ತವೆ. ರಕ್ತ ಹೀರಿ ಹೀರಿ ಜುಟ್ಟು ಬಿಳಿಚುತ್ತದೆ. ಕೋಳಿಗೆಂದು ಅನುಮತಿ ಪಡೆದ ಸ್ಪಿನೊಸಾಡ್ ದ್ರಾವಣವನ್ನು ಚೀಟಿಯಲ್ಲಿರುವ ಅಳತೆಯಂತೆ, ಮೈಯೆಲ್ಲ ತೋಯಿಸದೆ ಆ ಭಾಗಕ್ಕೆ ಮಾತ್ರ, ನಡುಮಧ್ಯಾಹ್ನ ಹೊಡೆಯಿರಿ. ಎಲ್ಲ ಕೋಳಿಗೂ ಒಂದೇ ದಿನ ಆಗಬೇಕು, ಏಳರಿಂದ ಹತ್ತು ದಿನಕ್ಕೆ ಮತ್ತೊಮ್ಮೆ. ಹಳೆ ಟೈರಿನಲ್ಲಿ ಒಣ ಮರಳು, ಮಣ್ಣು ತುಂಬಿ, ಒಲೆ ಇರುವವರು ಸೌದೆ ಬೂದಿಯನ್ನೂ ಬೆರೆಸಿ ಮಾಡಿನಡಿ ಇಟ್ಟರೆ ಮುಂದಿನ ಕಾಟ ಕಡಿಮೆ. ಮಣ್ಣನ್ನು ಅಕ್ಟೋಬರಿನಲ್ಲೇ ಬಕೆಟ್ಟಿಗೆ ತುಂಬಿಟ್ಟುಕೊಂಡಿರಬೇಕು, ಜನವರಿಯಲ್ಲಿ ನೆಲ ಅಗೆಯಲಾಗದು.

ಪ್ರಶ್ನೆ: ಡಿಸೆಂಬರಿನಲ್ಲಿ ಮೂರು ವಾರ ಹಾಸನಕ್ಕೆ ಹೋಗುತ್ತೇವೆ. ಆಟೋಮ್ಯಾಟಿಕ್ ಬಾಗಿಲು, ಬಿಸಿ ನೀರುಪಾತ್ರೆ, ದೊಡ್ಡ ಮೇವಿನ ಡಬ್ಬಿ ಎಲ್ಲ ಇದೆ. ಪಕ್ಕದ ಮನೆಯವರು ವಾರಕ್ಕೆರಡು ಬಾರಿ ನೋಡಿದರೆ ಸಾಕೇ? (ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಷಿಗನ್)

ಉತ್ತರ: ಸಾಲದು. ಬಾಗಿಲಿನ ಕಾಲುವೆಗೆ ಹಿಮ ತುಂಬಿ ಅರ್ಧದಲ್ಲಿ ನಿಲ್ಲುತ್ತದೆ, ಸಾದಾ ಬ್ಯಾಟರಿ ಮೈನಸ್ 20ರಲ್ಲಿ ಸೋಲುತ್ತದೆ, ಜಿಎಫ್‌ಸಿಐ ಒಮ್ಮೆ ಟ್ರಿಪ್ ಆದರೆ ನೀರು ಕಲ್ಲಾಗುತ್ತದೆ. ಒಂದು ದಿನ ನೀರಿಲ್ಲದಿದ್ದರೂ ಕೋಳಿ ಮೇವು ಬಿಡುತ್ತದೆ, ಮೇವಿಲ್ಲದ ಮೈಗೆ ಬಿಸಿಯಿಲ್ಲ. ಪ್ರತಿದಿನ ಒಮ್ಮೆಯಾದರೂ ಮನುಷ್ಯರ ಕಣ್ಣು ಬೀಳಬೇಕು. ಬ್ಯಾಟರಿ ಲಿಥಿಯಮ್ಮಿನದು ಹಾಕಿ, ಕಾಲುವೆಗೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಎರಡು ರಬ್ಬರ್ ಬೋಗುಣಿ ಬಾಗಿಲ ಬಳಿ ಇಟ್ಟಿರಿ. ನೋಡಿಕೊಳ್ಳುವವರಿಗೆ ಒಂದೇ ಹಾಳೆಯಲ್ಲಿ ಬರೆದುಕೊಡಿ: ಸಂಜೆ ತಲೆ ಎಣಿಸುವುದು, ನೀರಿಗೆ ಬೆರಳಿಟ್ಟು ನೋಡುವುದು, ಟ್ರಿಪ್ ಆದ ಸ್ವಿಚ್ ಎಲ್ಲಿದೆ. ಮೊಟ್ಟೆ ಅವರಿಗೇ.

ಹಿಂದಿರುಗುವಾಗಿನ ಮಾತು ಇದಕ್ಕಿಂತ ಮುಖ್ಯ. ಊರಲ್ಲಿ ತೋಟ, ಕೊಟ್ಟಿಗೆ, ಕೋಳಿ ಇರುವ ಮನೆಗೆ ಹೋಗಿಯೇ ಹೋಗುತ್ತೀರಿ. ಕೊಕ್ಕರೆ ರೋಗ (ರಾಣಿಖೇತ್) ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ, ಅದರ ವೈರಸ್ ಚಪ್ಪಲಿಯ ತಳದಲ್ಲಿ ಪ್ರಯಾಣ ಮಾಡುತ್ತದೆ. ವಿಮಾನ ನಿಲ್ದಾಣದಲ್ಲಿ ದನಕರು, ಕೋಳಿಗಳ ಹತ್ತಿರ ಹೋಗಿದ್ದಿರಾ ಎಂದು ಕೇಳಿದರೆ ಹೌದೆನ್ನಿ. ಆ ಪಾದರಕ್ಷೆ ಊರಲ್ಲೇ ಬಿಡಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಬಂದ ಮೇಲೆ ಐದು ದಿನವಾದರೂ ಪಕ್ಕದ ಮನೆಯವರೇ ಕೋಳಿ ನೋಡಿಕೊಳ್ಳಲಿ. ಮೊಟ್ಟೆ, ಪುಕ್ಕ, ಮೇವಿನ ಕಾಳು ಏನನ್ನೂ ತರಬೇಡಿ. 2022ರಿಂದ ಅಮೆರಿಕದಲ್ಲಿ ಹಕ್ಕಿಜ್ವರದ ಕಾಟವೂ ಇರುವುದರಿಂದ ಗೂಡಿಗೆ ಹೋಗಲೆಂದೇ ಬೇರೆ ಬೂಟು ಇಡಿ, ಕಾಡುಬಾತು ಇಳಿಯುವ ಜಾಗಕ್ಕೆ ಅದನ್ನು ಹಾಕಿಕೊಂಡು ಹೋಗಬೇಡಿ.

ಪ್ರಶ್ನೆ: ನಮ್ಮಲ್ಲಿ ಹಿಮವಿಲ್ಲ, ಮಳೆ ಇದೆ. ಪ್ರತಿ ಜುಲೈನಲ್ಲಿ ಮರಿಗಳು ರಕ್ತಭೇದಿಯಿಂದ ಹೋಗುತ್ತವೆ. ಮೇಲಿನ ಹಾಸು ಪದ್ಧತಿ ಇಲ್ಲೂ ಆಗುತ್ತದೆಯೇ? (ಮೂಡಿಗೆರೆ)

ಉತ್ತರ: ತಲೆಯ ಮೇಲೆ ತೆರಪು ಇರಬೇಕೆಂಬುದು ಅಲ್ಲಿಗೂ ಇಲ್ಲಿಗೂ ಒಂದೇ. ಹಾಸನ್ನು ತಿಂಗಳುಗಟ್ಟಲೆ ಬಿಡುವುದು ಮಾತ್ರ ನಿಮಗೆ ಹೊಂದದು. ರಕ್ತಭೇದಿ ತರುವ ಕಾಕ್ಸಿಡಿಯ ಜೀವಿಯ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದ ಮೇಲೆ ಸೋಂಕು ಹರಡುವಷ್ಟು ಬಲಿಯಲು ತೇವವೂ ಬೆಚ್ಚಗಿನ ಗಾಳಿಯೂ ಬೇಕು. ಮಿನ್ನೆಸೋಟದ ಚಳಿ ಅದನ್ನು ನಿಲ್ಲಿಸಿಬಿಡುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಒಂದೆರಡು ದಿನದಲ್ಲೇ ಬಲಿಯುತ್ತದೆ.

ಭತ್ತದ ಹೊಟ್ಟು ಎರಡಿಂಚು ಸಾಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಕೈ ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ಅಂದೇ ಬದಲಿಸಿ. ನೀರಿನ ಬಟ್ಟಲ ಸುತ್ತಲಿನದನ್ನು ದಿನಾ ತೆಗೆಯಿರಿ. ಬಟ್ಟಲನ್ನು ಇಟ್ಟಿಗೆಯ ಮೇಲೆ, ಮರಿಯ ಬೆನ್ನಿನ ಎತ್ತರಕ್ಕೆ ಏರಿಸಿ. ಹೊಟ್ಟನ್ನು ಮೇ ತಿಂಗಳಲ್ಲೇ ಒಣಗಿಸಿ ಅಟ್ಟಕ್ಕೆ ಹಾಕಿಟ್ಟುಕೊಳ್ಳಿ. ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ, ಹಿಕ್ಕೆಯಲ್ಲಿ ರಕ್ತ ಕಂಡರೆ ಅಂದೇ ಪಶುವೈದ್ಯರ ಬಳಿ ಹೋಗಿ. ಅವರು ಕೊಡುವ ಆಂಪ್ರೋಲಿಯಂ ಬೆರೆಸಿದ ನೀರಲ್ಲದೆ ಬೇರೆ ನೀರು ಮರಿಗಳಿಗೆ ಸಿಗಬಾರದು. ಸೂರಿನಿಂದ ತೊಟ್ಟಿಕ್ಕಿ ನಿಂತ ನೀರು ಪಕ್ಕದಲ್ಲಿದ್ದರೆ ಅದನ್ನೇ ಕುಡಿದು ಔಷಧ ಬಿಡುತ್ತವೆ. ರಾತ್ರಿ ಮಂಕರಿ ಮುಚ್ಚಿಡುವ ರೂಢಿಯಿದ್ದರೆ ಕೆಳಗೆ ಗೋಣಿಚೀಲ ಹಾಸಬೇಡಿ, ಅದು ಒದ್ದೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಣ ಹೊಟ್ಟು ಹರಡಿ, ಬೆಳಗ್ಗೆ ಹಾಗೆಯೇ ಬಾಚಿ ಗೊಬ್ಬರದ ಗುಂಡಿಗೆ ಸುರಿಯಿರಿ.